ರೆಕ್ಕೆ ಬಿಚ್ಚಿದ ಪಿಕಳಾರ

ಹೊಳೆದಂಡೆಯ ಮಠದಲ್ಲಿ ಚಿಕ್ಕವೀರಯ್ಯನವರೆಂಬ ಗುರುಗಳಿದ್ದರು. ಹರೆಯದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದವರು. ವಯಸ್ಸಾದ ಮೇಲೂ ಆ ವಿದ್ಯೆ ಕೇಳಿಕೊಂಡು ಬಂದವರಿಗೆ ಇಲ್ಲವೆನ್ನುತ್ತಿರಲಿಲ್ಲ.

ಮಠದಲ್ಲೊಂದು ರೂಢಿಯಿತ್ತು. ವಸಂತದಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ ಶಿಷ್ಯರು ತೆಗೆದ ಚಿತ್ರಗಳಲ್ಲಿ ಗುರುಗಳು ಮೆಚ್ಚಿದ್ದೊಂದು ಪ್ರಸಾದದ ಮನೆಯ ಗೋಡೆ ಏರುತ್ತಿತ್ತು. ಶಿಷ್ಯರಲ್ಲೊಬ್ಬನಾದ ಶಿವನಂಜನಿಗೆ ಆ ಗೋಡೆಯ ಮೇಲೆಯೇ ಕಣ್ಣು. ಉಣ್ಣುವಾಗಲೂ ಅವನು ಎಲೆ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಓಡೋಡಿ ಬಂದ. ಕಾಲು ನೆಲದ ಮೇಲಿರಲಿಲ್ಲ.

"ಬುದ್ಧಿ, ಸಿಕ್ಕಿಬಿಡ್ತು!"

ಕ್ಯಾಮೆರಾದ ಪರದೆಯಲ್ಲಿ ಒಂದು ಪಿಕಳಾರ. ನೆತ್ತಿಯ ಮೇಲೆ ಕಪ್ಪು ಜುಟ್ಟು, ಕೆನ್ನೆಯಲ್ಲಿ ಕೆಂಪು. ಗೂಡಿನ ಅಂಚಿನಲ್ಲಿ ನಿಂತು ಎರಡೂ ರೆಕ್ಕೆ ಅಗಲಿಸಿದೆ, ಕೊಕ್ಕು ತೆರೆದಿದೆ. ಕೆಳಗೆ ಇನ್ನೂ ಪುಕ್ಕ ಮೂಡದ ಮರಿಗಳು. ಸುಳ್ಳೇಕೆ ಹೇಳಬೇಕು, ಚಿತ್ರ ಸೊಗಸಾಗಿಯೇ ಇತ್ತು.

"ಚೆನ್ನಾಗಿದೆ ಕಣಪ್ಪ," ಎಂದರು ಗುರುಗಳು. "ತಾಯಿ ಏನು ಮಾಡ್ತಿದೆ?"

"ಹಾಡ್ತಿದೆ ಬುದ್ಧಿ. ಮರಿಗಳ ಮುಂದೆ ರೆಕ್ಕೆ ಬಿಚ್ಚಿ ಕುಣೀತಿದೆ."

"ಎಷ್ಟು ಹೊತ್ತು ಕುಣೀತು?"

"ನಾನು ಇದ್ದಷ್ಟು ಹೊತ್ತೂ. ರೆಕ್ಕೆ ಮಡಿಸಲೇ ಇಲ್ಲ."

ಗುರುಗಳು ಚಿತ್ರವನ್ನು ಮತ್ತೆ ನೋಡಿದರು. "ಒಂದೆಲೆಯೂ ಅಡ್ಡ ಇಲ್ಲ. ಪಿಕಳಾರ ಇಂಥ ಬಯಲಲ್ಲಿ ಗೂಡು ಕಟ್ಟಲ್ಲವಲ್ಲ?"

"ಮೇಲೊಂದು ಟೊಂಗೆ ಇತ್ತು. ಬೆಳಿಗ್ಗೆ ಕತ್ತರಿಸಿಬಿಟ್ಟೆ. ಬೆಳಕು ಬೀಳಬೇಕಲ್ಲ ಬುದ್ಧಿ!" ಎಂದು ಶಿವನಂಜ ಹಲ್ಲು ಕಿರಿದ.

ಗುರುಗಳು ಬೈಯಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ಕೇಳಿ, ಸಂಜೆಯ ಹೊತ್ತಿಗೆ ಮರೆತುಬಿಡುವ ಆಸಾಮಿ ಅವನು.

"ನಡಿ," ಎಂದು ಎದ್ದರು. "ತಲೆ ಮೇಲಿನ ಟೋಪಿ ಇಲ್ಲೇ ಇಟ್ಟು ಬಾ."

ಹೊಳೆಯ ಮರಳು ಕಾದ ಹೆಂಚಿನಂತಿತ್ತು. ಗುರುಗಳು ಅವನನ್ನು ಮರಳಿನ ನಡುವೆ ನಿಲ್ಲಿಸಿ, ತಾವು ದಡದ ಹೊಂಗೆಮರದತ್ತ ಹೋದರು. ಎಲೆ ತುಂಬಿದ ಒಂದು ಟೊಂಗೆ ಆರಿಸಿ ಮುರಿದುಕೊಂಡರು.

ಅಷ್ಟರಲ್ಲಿ ಶಿವನಂಜನ ನೆತ್ತಿ ಕಾದಿತ್ತು. ಗಂಟಲೊಣಗಿ ಬಾಯಿ ತಾನಾಗಿ ತೆರೆದಿತ್ತು. ಎರಡೂ ಅಂಗೈ ಅಗಲಿಸಿ ತಲೆಗೆ ಮರೆ ಹಿಡಿದಿದ್ದ.

ಗುರುಗಳು ಬಂದು ಅವನನ್ನೇ ನೋಡಿದರು.

"ಏನಪ್ಪಾ, ಹಾಡ್ತಿದ್ದೀಯಾ?"

ಶಿವನಂಜ ಅಗಲಿಸಿದ್ದ ತನ್ನ ಅಂಗೈಗಳನ್ನು ನೋಡಿಕೊಂಡ. ಗುರುಗಳ ಕೈಲಿದ್ದ ಟೊಂಗೆ ಕಿತ್ತುಕೊಂಡು ಗೂಡಿನತ್ತ ಓಡಿದ.

ಗೂಡಿದ್ದ ಪೊದೆಯ ಬಳಿ ಅವನನ್ನು ಕಂಡದ್ದೇ ತಾಯಿಹಕ್ಕಿ ಹಾರಿಹೋಯಿತು. ಮರಿಗಳು ಕತ್ತು ಜೋಲಿಸಿ ಬಿದ್ದಿದ್ದವು. ಒಂದರ ಹೊಟ್ಟೆ ಮೆಲ್ಲಗೆ ಏರಿಳಿಯುತ್ತಿತ್ತು. ಅವನು ಟೊಂಗೆಯನ್ನು ಗೂಡಿನ ಮೇಲೆ ನೆರಳಾಗುವಂತೆ ಓರೆ ಮಾಡಿ, ಹೆಗಲ ವಸ್ತ್ರದ ಅಂಚು ಹರಿದು ಬಿಗಿದ. ಆಮೇಲೆ ಅವನೂ ಹಿಂದೆಯೇ ಬಂದ ಗುರುಗಳೂ ದೂರದ ಬಂಡೆಯ ಮರೆಯಲ್ಲಿ ಕೂತರು.

"ತಾಯಿ ಬರದೇ ಹೋದರೆ, ಬುದ್ಧಿ?"

"ಬರದೆಯೂ ಹೋಗಬಹುದು."

ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದ ಅವನಿಗೆ ಅಳು ಬಂತು. ಗೋಡೆಯೂ ಬೇಡ, ಚಿತ್ರವೂ ಬೇಡ, ಆ ಹಕ್ಕಿಯೊಂದು ಬರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದ.

ಬಿಸಿಲು ವಾಲಿತು. ಪಿಕಳಾರ ಬಂದು ಪೊದೆಯ ತುದಿಯಲ್ಲಿ ಕೂತಿತು. ಹೊಸ ಟೊಂಗೆಯನ್ನು ಈ ಕಡೆಯಿಂದ ನೋಡಿತು, ಆ ಕಡೆಯಿಂದ ನೋಡಿತು, ಹಾರಿಹೋಯಿತು. ಮತ್ತೆ ಬಂತು. ಈ ಸಲ ಕೊಕ್ಕಿನಲ್ಲೊಂದು ಹುಳವಿತ್ತು. ಎಲೆಗಳ ಒಳಗೆ ನುಸುಳಿತು. ಒಳಗಿನಿಂದ ಚಿಂವ್ ಚಿಂವ್ ಎಂದು ಸಣ್ಣ ದನಿಗಳು ಕೇಳಿದವು.

ಶಿವನಂಜ ಕಣ್ಣೊರೆಸಿಕೊಂಡ.

"ಆ ಎಲೆ ನಾಳೆಗೆ ಬಾಡುತ್ತೆ ಬುದ್ಧಿ. ತಾಯಿ ಮೇವಿಗೆ ಹೋದಾಗ ಬೇರೆ ಕಟ್ತೀನಿ. ಮರಿ ಹಾರೋವರೆಗೂ ಕಟ್ತೀನಿ."

ಗುರುಗಳು ಅವನ ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾ ತೋರಿಸಿದರು. ಅವನು ಅನುಮಾನಿಸುತ್ತಲೇ ಅದನ್ನು ಕಣ್ಣಿಗೆ ಹಿಡಿದ.

"ಬರೀ ಎಲೆ ಬುದ್ಧಿ. ಹಕ್ಕಿ ಕಾಣ್ತಾನೇ ಇಲ್ಲ."

"ಹಾಂ," ಎಂದರು ಗುರುಗಳು, "ಈಗ ತೆಗಿ."