ಖೋರ್ ಜಮಾಲಿಯ ಸಿಹಿನೀರಮ್ಮ

ಅನ್ಯ ಕ್ಷೇತ್ರಗಳ ಮಹಿಮೆಯು ಕೃತಯುಗದಿಂದಲೋ ತ್ರೇತಾಯುಗದಿಂದಲೋ ಆರಂಭವಾಗುವುದು ವಾಡಿಕೆಯಾಗಿದ್ದು, ಅಲ್ಲಿ ಜಟಾಧಾರಿಗಳಾದ ಮಹರ್ಷಿಗಳೂ ಶಾಪಗ್ರಸ್ತರಾದ ಗಂಧರ್ವರೂ ಬೇಕಾದಷ್ಟು ಸಿಗುತ್ತಾರೆ. ಅರಬಸ್ಥಾನದ ತೀರದಲ್ಲಿ, ಮರಳುಗಾಡು ಸಮುದ್ರಕ್ಕೆ ಇಳಿಯುವೆಡೆಯಲ್ಲಿರುವ ನಮ್ಮ ಈ ಪುಟ್ಟ ಕ್ಷೇತ್ರಕ್ಕೆ ಮಾತ್ರ ಆ ಭಾಗ್ಯವಿಲ್ಲ. ನಮ್ಮದು ಕಲಿಯುಗದ ಕಥೆ. ತೀರದ ಒಂದೊಂದು ಅಳಿವೆಗೂ ಒಬ್ಬೊಬ್ಬ ಶೇಖನು ದೊರೆಯಾಗಿದ್ದು, ಆ ದೊರೆಗಳೆಲ್ಲರಿಗೂ ಮೇಲಿನ ದೊರೆಯಂತೆ ಇಂಗ್ಲಿಷರ ಯುದ್ಧನೌಕೆಯು ಸಮುದ್ರವನ್ನು ಕಾಯುತ್ತಿದ್ದ ಕಾಲದ್ದು. ನಮ್ಮ ಪಾಲಿಗೆ ಬಂದ ಋಷಿಯಾದರೋ ಗಂಗೊಳ್ಳಿ ಕಡೆಯ ಹಾಯಿಹಡಗೊಂದನ್ನು ನಡೆಸುತ್ತಿದ್ದ ಖಾರ್ವಿ ಕುಲದ ತಾಂಡೇಲ ಜಟ್ಟಪ್ಪ. ಜಪಮಣಿಯ ಬದಲು ಚುಕ್ಕಾಣಿ ಹಿಡಿದವನು, ಮೌನವ್ರತವೆಂದರೆ ಏನೆಂದೇ ತಿಳಿಯದ ಮಾತಿನಮಲ್ಲ.

ಪ್ರತಿವರ್ಷವೂ ಮಳೆಗಾಲ ಕಳೆದ ಮೇಲೆ ಅಕ್ಕಿ, ತೆಂಗಿನ ಹುರಿ ಮತ್ತು ಸಾಗುವಾನಿಯ ಹಲಗೆಗಳನ್ನು ಹೇರಿಕೊಂಡು ಖೋರ್ ಜಮಾಲಿಯ ಅಳಿವೆಗೆ ಬಂದು, ಖರ್ಜೂರ ತುಂಬಿಕೊಂಡು, ಮುಂಗಾರು ಮೊಳಗುವ ಮುನ್ನವೇ ಊರು ಸೇರುವುದು ಅವನ ಪದ್ಧತಿಯಾಗಿತ್ತು. ಆ ವರ್ಷ ಮಾತ್ರ ಹಡಗಿನ ಚುಕ್ಕಾಣಿಯು ನೀರೊಳಗಿನ ಬಂಡೆಗೆ ಬಡಿದು ಮುರಿಯಿತು. ಅದನ್ನು ಸರಿಪಡಿಸುವಷ್ಟರಲ್ಲಿ ಗಾಳಿ ತಿರುಗಿ, ಸಾಗರವು ಪ್ರಕ್ಷುಬ್ಧವಾಗಿ, ಊರಿನ ದಾರಿ ಮುಚ್ಚಿಹೋಯಿತು. ಅಲ್ಲಿನ ದೊರೆ ಶೇಖ್ ಹಮೂದನು ತಾಂಡೇಲನನ್ನೂ ಅವನ ಆಳುಗಳನ್ನೂ ತನ್ನ ಮನೆಯಲ್ಲಿಯೇ ಇರಿಸಿಕೊಂಡನು. ದೊರೆಯೆಂದೊಡನೆ ಓದುಗರು ರತ್ನಖಚಿತ ಸಿಂಹಾಸನವನ್ನು ಕಲ್ಪಿಸಿಕೊಳ್ಳಬಾರದು. ಅವನ ಅರಮನೆಯು ಆಡುಗಳು ಓಡಾಡುವ ಮಣ್ಣಿನ ಕೋಟೆ. ಅತಿಥಿಗಳಿಗೆ ಕಾಫಿಬೀಜವನ್ನು ಅವನೇ ಹುರಿಯುತ್ತಿದ್ದ, ಅವನ ಮುದಿತಾಯಿ ಹಲೀಮಾ ಜಟ್ಟಪ್ಪನಿಗಾಗಿ ಗಂಜಿಯೂಟ ಮಾಡುವುದನ್ನು ಕಲಿತಿದ್ದಳು. ಆ ಮನೆಯ ಅನ್ನ ಉಂಡು ಜಟ್ಟಪ್ಪ ದಪ್ಪಗಾದ.

ಹೀಗಿರಲು ಶ್ರಾವಣದ ನೂಲ ಹುಣ್ಣಿಮೆ ಬಂದಿತು. ಖಾರ್ವಿಗಳು ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸುವ ಆ ಪುಣ್ಯದಿನದಂದು, ತನ್ನ ಮನೆತನದ ಕ್ರಮದಂತೆ, ಜಟ್ಟಪ್ಪನು ಸ್ನಾನ ಮಾಡಿ, ಕಡಲಿಗೆ ಕಾಯಿ ಬಿಟ್ಟು, ಹಡಗಿನ ಹಿಂಬದಿಯ ಗೂಡಿನಲ್ಲಿದ್ದ, ಹಡಗು ಕಾಯುವ ಅಮ್ಮನ ಪುಟ್ಟ ಮರದ ಮೂರ್ತಿಗೆ ಉಡಿಸಿದ್ದ ಕೆಂಪು ವಸ್ತ್ರವನ್ನು ಹಾಯಿ ಕಟ್ಟುವ ಕೂವೆಮರದ ತುದಿಗೆ ಕಟ್ಟಿದನು. ಹಡಗು ಯಾತ್ರೆ ಹೊರಡುವ ತನಕ ಅದನ್ನು ಇಳಿಸುವಂತಿಲ್ಲ. ಊರಿನವರು ಯಾರೂ ತಕರಾರು ಮಾಡಲಿಲ್ಲ; ಅತಿಥಿಯ ದೇವರ ಬಟ್ಟೆ, ಇರಲಿ ಎಂದುಕೊಂಡರು. ಆದರೆ ಇಂಗ್ಲಿಷರು ತೀರದ ಶೇಖರೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ, ಆ ಅಳಿವೆಗಳಲ್ಲಿ ಹಾರುವ ಕೆಂಪು ಬಾವುಟಕ್ಕೆ ಬಿಳಿಯ ಅಂಚು ಇರಲೇಬೇಕಿತ್ತು. ಅಂಚಿಲ್ಲದ ಕೆಂಪೆಂದರೆ ಒಪ್ಪಂದ ಮುರಿದು ಯುದ್ಧಕ್ಕೆ ನಿಂತಂತೆ. ಗಂಗೊಳ್ಳಿಯ ಬಡಪಾಯಿಗೆ ಇದನ್ನು ಹೇಳಿದವರು ಯಾರು? ಯಾರೂ ಇಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಯುದ್ಧನೌಕೆಯು ಆ ಬಟ್ಟೆಯನ್ನು ಕಂಡು ಅಳಿವೆಯ ಬಾಯಿಗೆ ಬಂದು ನಿಂತಿತು. ಕಪ್ತಾನನ ಅಪ್ಪಣೆಯನ್ನು ದುಭಾಷಿಯೊಬ್ಬನು ದಡಕ್ಕೆ ತಂದನು: ಯುದ್ಧದ ಬಾವುಟ ಏರಿಸಿದವನನ್ನು ಒಪ್ಪಿಸಬೇಕು, ಒಪ್ಪಿಸುವವರೆಗೆ ಒಂದು ದೋಣಿಯೂ ಒಳಬರಕೂಡದು, ಹೊರಹೋಗಕೂಡದು. ವಸ್ತ್ರವನ್ನು ಕೂಡಲೇ ಇಳಿಸಿದ್ದೂ, ಇದು ಪರಸ್ಥಳದ ಅತಿಥಿಯೊಬ್ಬನ ದೇವರ ಕಾರ್ಯವೆಂದು ಶೇಖನು ಹೇಳಿಕಳಿಸಿದ್ದೂ ವ್ಯರ್ಥವಾಯಿತು. ಹಾಗಾದರೆ ಆ ಅತಿಥಿಯನ್ನೇ ಕಳಿಸಿ, ಕಡಲುಗಳ್ಳರಿಗೆ ಆಗುವ ಶಿಕ್ಷೆ ಅವನಿಗೂ ಆಗಲಿ ಎಂದು ಉತ್ತರ ಬಂತು. ಆ ಶಿಕ್ಷೆ ನೇಣು. ಖೋರ್ ಜಮಾಲಿಯಲ್ಲಾದರೋ ಬಾವಿಗಳೆಲ್ಲ ಉಪ್ಪು. ಕುಡಿಯುವ ನೀರು ಬರುತ್ತಿದ್ದುದು ಆಚೆಯ ದಡದಿಂದ, ದೋಣಿಗಳಲ್ಲಿ, ತೊಗಲಿನ ಚೀಲಗಳಲ್ಲಿ. ದೋಣಿಗಳು ನಿಂತವು, ಚೀಲಗಳು ಬತ್ತಿದವು, ಎಳೆಯ ಮಕ್ಕಳು ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿದವು.

ಆಗ ಜಟ್ಟಪ್ಪನು ಶೇಖನ ಮುಂದೆ ಬಂದು ನಿಂತನು. "ಒಡೇರೆ, ನಾ ಮಾಡಿದ್ದ್ ತಪ್ಪು. ನಾನೇ ಹೋತೆ. ಮಕ್ಕಳಿಗೆ ನೀರ್ ಬರ್ಲಿ," ಎಂದನು.

"ಮಳೆಗಾಲವಿಡೀ ನನ್ನ ಮನೆಯಲ್ಲಿ ಉಂಡವನನ್ನು ನೇಣಿಗೆ ಕೊಟ್ಟು ನಾನು ಯಾರ ಮುಖ ನೋಡಲಿ?" ಎಂದನು ಶೇಖ. "ಸುಮ್ಮನೆ ಕೂತುಕೋ ಜಟ್ಟಪ್ಪ. ಏನಾದರೂ ದಾರಿ ಹುಡುಕೋಣ."

ಜಟ್ಟಪ್ಪನು ಸುಮ್ಮನೆ ಕೂರಲಿಲ್ಲ. ಹೋಗಿಯೇ ಬಿಡುವುದೆಂದು ನಿಶ್ಚಯಿಸಿ, ಬೆಳಕು ಹರಿಯುತ್ತಲೇ ಹಡಗಿಗೆ ಬಂದನು. ಆದರೆ ಅಮ್ಮನ ಅಪ್ಪಣೆಯಿಲ್ಲದೆ ಖಾರ್ವಿಯು ದಡ ಬಿಡುವನೇ? ಶೇಖನ ಅಂಗಳದ ಕಣಗಿಲೆ ಹೂವೊಂದನ್ನು ಮೂರ್ತಿಯ ನೆತ್ತಿಯ ಮೇಲಿರಿಸಿ, ಬಲಕ್ಕೆ ಬಿದ್ದರೆ ಹೊರಡುವೆನೆಂದು ಪ್ರಸಾದ ಕೇಳಿ ಕೈಮುಗಿದು ಕುಳಿತನು. ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಅಲೆಗೆ ಹಡಗು ಓಲಾಡುತ್ತಿತ್ತು, ಹೂವು ಅಲುಗಲಿಲ್ಲ. ಅವನು ಕಾದನು. ಬಿಸಿಲೇರಿತು, ಮತ್ತೂ ಕಾದನು. ಅವನ ಮನದ ಮೂಲೆಯಲ್ಲಿ, ಹೂವು ಬೀಳದಿದ್ದರೇ ಒಳ್ಳೆಯದಿತ್ತು ಎಂಬ ಆಸೆ ಇತ್ತೋ ಇಲ್ಲವೋ, ಹೇಳಲು ನಾವು ಯಾರು? ಊರಿನಲ್ಲಿ ಅವನಿಗೆ ಹೆಂಡತಿ ಇದ್ದಳು, ಅವನು ಇನ್ನೂ ಮುಖ ನೋಡದ ಹಸುಗೂಸಿತ್ತು.

ದಡದಲ್ಲಿ ಗದ್ದಲವೆದ್ದಾಗ ಅವನು ತಲೆಯೆತ್ತಿದನು. ಅಳಿವೆಯ ಬಾಯಲ್ಲಿರುವ ಕರಿಬಂಡೆಯ ಬಳಿಯಿಂದ ಒಂದು ದೋಣಿ ಹೊರಟು ಯುದ್ಧನೌಕೆಯನ್ನು ಸೇರಿಯಾಗಿತ್ತು. ಅದರಲ್ಲಿ ಹೋದ ಶೇಖ್ ಹಮೂದನು ಕಪ್ತಾನನ ಎದುರು ನಿಂತು, ಬಾವುಟ ಕಟ್ಟಿಸಿದವನು ನಾನೇ, ಅತಿಥಿಯ ಕಥೆ ನಾನು ಹೇಳಿದ ಸುಳ್ಳು ಎಂದನಂತೆ. ಆ ಸತ್ಯವಂತನು ಜೀವಮಾನದಲ್ಲಿ ಆಡಿದ ಸುಳ್ಳು ಅದೊಂದೇ ಎಂದು ಆ ಊರಿನವರು ಇಂದಿಗೂ ಹೇಳುತ್ತಾರೆ. ನೌಕೆಯು ಅವನನ್ನು ಹೊತ್ತು ತೆರಳಿತು, ನೀರಿನ ದೋಣಿಗಳು ಬಂದವು, ಮಕ್ಕಳು ಬದುಕಿದವು.

ಜಟ್ಟಪ್ಪನು ಮಾತ್ರ ನೀರು ಮುಟ್ಟಲಿಲ್ಲ. ಶೇಖನು ಕಡೆಯದಾಗಿ ಹೆಜ್ಜೆಯಿಟ್ಟ ಕರಿಬಂಡೆಯ ಮೇಲೆ ಅಮ್ಮನ ಮೂರ್ತಿಯನ್ನಿಟ್ಟುಕೊಂಡು, ಒಡೆಯನನ್ನು ಮರಳಿ ಕೊಡುವ ತನಕ ಏಳುವುದಿಲ್ಲವೆಂದು ಹಟ ಹಿಡಿದು ಕುಳಿತನು. ಕಡಲ ಉಬ್ಬರ ಬಂದು ಸೊಂಟದವರೆಗೆ ಮುಳುಗಿಸಿತು, ಇಳಿತ ಬಂದು ಉಪ್ಪು ಹಚ್ಚಿ ಹೋಯಿತು. ಅವನು ಸಾಯುವ ಹಾಗಾದಾಗ, ಇಳಿತದ ಹೊತ್ತಿನಲ್ಲಿ ಹಲೀಮಾ ಕೋಲೂರಿಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತಳು. ಬೈಯಲಿಲ್ಲ, ಅಳಲೂ ಇಲ್ಲ.

"ನಿನ್ನ ತಾಯಿ ನಿನ್ನನ್ನು ಉಳಿಸಿಕೊಂಡಳು," ಎಂದಳು, ಮೂರ್ತಿಯನ್ನು ನೋಡುತ್ತ. "ತಪ್ಪೇನಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ನನ್ನ ಮಗನನ್ನು ಯಾರು ಉಳಿಸಬೇಕಿತ್ತು, ಹೇಳು."

ಆಗ ಸಮುದ್ರವು ನಿಶ್ಶಬ್ದವಾಗಿ, ಗಾಳಿಯು ಸ್ತಬ್ಧವಾಗಿ, ಆ ಮೂರ್ತಿಯಿಂದ ಕರುಣಾರ್ದ್ರವಾದ ವಾಣಿಯೊಂದು ಕೇಳಿಬಂದಿತು:

"ವತ್ಸ, ಹೂವನ್ನು ಹಿಡಿದಿಟ್ಟವಳು ನಾನೇ. ನಿನ್ನೊಬ್ಬನ ಪ್ರಾಣದ ಮೋಹದಲ್ಲಿ ಇನ್ನೊಬ್ಬ ತಾಯಿಗೆ ಮಗನಿರುವುದನ್ನು ಮರೆತೆನು. ಅವನನ್ನು ಮರಳಿ ತಾ ಎಂದು ನನ್ನನ್ನು ಬೇಡಬೇಡ. ಅದು ಇನ್ನು ನನ್ನ ಕೈಯಲ್ಲಿಲ್ಲ. ಈ ಋಣವು ನಿನ್ನದಲ್ಲ, ನನ್ನದು. ನೀನು ಎದ್ದು ನಿನ್ನ ಶಿಶುವಿದ್ದಲ್ಲಿಗೆ ಹೋಗು. ನಾನು ಬರುವುದಿಲ್ಲ. ಈ ಊರು ಇನ್ನೆಂದೂ ನೀರಿಗಾಗಿ ಅನ್ಯರ ದಯೆಯನ್ನು ಕಾಯದಿರಲಿ."

ಕೂಡಲೇ ಉಪ್ಪುಕಡಲ ನಡುವಣ ಆ ಬಂಡೆಯು ಬಿರಿದು, ಎಳನೀರಿನಂಥ ಸಿಹಿನೀರು ಉಕ್ಕಿತು. ಮೊದಲ ಬೊಗಸೆಯನ್ನು ಹಲೀಮಾಳೇ ಜಟ್ಟಪ್ಪನಿಗೆ ಕುಡಿಸಿದಳು. ಸರ್ವಶಕ್ತರಾದ ದೇವತೆಗಳ ಮಹಿಮೆಗಳನ್ನು ಓದಿ ಬಂದವರಿಗೆ ಕೈಲಾಗದೆಂದು ಒಪ್ಪಿಕೊಂಡ ನಮ್ಮ ಅಮ್ಮ ಸಣ್ಣವಳಾಗಿ ಕಂಡಾಳು. ನಮಗೆ ಮಾತ್ರ ಅವಳ ಮೇಲೆ ಪ್ರೀತಿ ಹೆಚ್ಚಿದ್ದೇ ಅಲ್ಲಿ.

ಗಾಳಿ ತಿರುಗಿದ ಮೇಲೆ, ಹೊರಡುವ ಮುನ್ನ, ಜಟ್ಟಪ್ಪನು ಬಂಡೆಯ ಮೇಲೆ ಗೂಡು ಕಟ್ಟಿ, ಭಕ್ತರಿಗೆ ದರ್ಶನವಾಗಲೆಂದು ಅಮ್ಮನನ್ನು ಊರಿನ ಕಡೆಗೆ ಮುಖ ಮಾಡಿ ಕೂರಿಸಿದನು. ಬೆಳಗಾಗುವಾಗ ಮೂರ್ತಿಯು ಸಮುದ್ರದತ್ತ ತಿರುಗಿತ್ತು. ಮತ್ತೆ ತಿರುಗಿಸಿದನು, ಮತ್ತೆ ಹಾಗೆಯೇ ಆಯಿತು. ಆಮೇಲೆ ಯಾರೂ ಆ ಗೋಜಿಗೆ ಹೋಗಲಿಲ್ಲ.

ಇಳಿತದ ವೇಳೆಯಲ್ಲಿ ಆ ಚಿಲುಮೆಯನ್ನು ಇಂದಿಗೂ ಕಾಣಬಹುದು. ಊರಿನ ಹೆಂಗಸರು ಅದನ್ನು ಶೇಖನ ನೀರೆನ್ನುತ್ತಾರೆ, ನಮ್ಮವರು ಅಮ್ಮನ ತೀರ್ಥವೆನ್ನುತ್ತಾರೆ. ಕೊಡಗಳು ಒಂದೇ ಕಡೆ ತುಂಬುತ್ತವೆ. ಶೇಖ್ ಹಮೂದನು ಮರಳಲಿಲ್ಲ. ಎಲ್ಲಿ ತೀರಿಕೊಂಡನೆಂಬುದೂ ತಾಯಿ ಹಲೀಮಾಳಿಗೆ ತಿಳಿಯದೆ ಹೋಯಿತು. ದೂರದಿಂದ ಬಂದ ಭಕ್ತಾದಿಗಳು ಅಮ್ಮನ ಬೆನ್ನನ್ನಷ್ಟೇ ಕಂಡು ಬೇಸರಿಸಬಾರದಾಗಿ ವಿನಂತಿ. ಅವನನ್ನು ಕೊಂಡೊಯ್ದ ದಾರಿಯನ್ನು ಅವಳು ನೋಡುತ್ತಿದ್ದಾಳೆ.