ಸೊಪ್ಪು ಮುಟ್ಟದ ಹುಳು

"ಗುರುಗಳೇ, ಪುಟ್ಟಲಿಂಗಮ್ಮನವರ ಥೈರಾಯ್ಡ್ ಬದಲಾವಣೆಯನ್ನು ಯಾವ ಗುಂಪಿಗೆ ಸೇರಿಸಲಿ?" ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯೆ ಕೇಳಿದಳು. "ನ್ಯುಮೋನಿಯಾ ಬಿಗಡಾಯಿಸಿ ಬಂದಾಗ ಹಾರ್ಮೋನು ತೀರ ಇಳಿದಿತ್ತು. ಗ್ರಂಥಿಯನ್ನು ಎಬ್ಬಿಸುವ ಟಿಎಸ್‌ಎಚ್ ಕೂಡ ಸುಮ್ಮನಿತ್ತು. ಇಂದು ಆ ಟಿಎಸ್‌ಎಚ್ ಮಿತಿ ದಾಟಿ ತುಸು ಏರಿದೆ. ಎಬ್ಬಿಸಿದರೂ ಏಳದಷ್ಟು ಗ್ರಂಥಿಯೇ ಕೆಟ್ಟಿದೆಯೆಂದು ಬರೆದು ಹಾರ್ಮೋನಿನ ಮಾತ್ರೆ ಶುರುಮಾಡಲೇ? ಬೇಡದೆ ಕೊಟ್ಟರೆ ಬಳಲಿದ ಹೃದಯ ತಾಳಲಾರದು. ಬೇಕಿದ್ದೂ ಕೊಡದಿದ್ದರೆ ಅವರು ಏಳಲಾರರು."

ಗುರುಗಳು ಕತೆ ಹೇಳಿದರು.

ರೇಷ್ಮೆಹುಳು ಸಾಕುವ ಮನೆಗೆ ಒಬ್ಬಳು ಸೊಸೆ ಬಂದಳು. ಅವಳ ತವರಿನಲ್ಲಿ ಹುಳು ಸಾಕುತ್ತಿರಲಿಲ್ಲ. ಅತ್ತೆ ನಂಬಿ ಒಂದು ತಟ್ಟೆ ಹುಳುಗಳನ್ನು ಅವಳಿಗೆ ಒಪ್ಪಿಸಿದಳು. ಸೊಸೆ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದಳು. ಹುಳುಗಳು ತಿಂದವು. ಒಂದು ಬೆಳಿಗ್ಗೆ ಎಂದಿನಂತೆ ಸೊಪ್ಪು ಹಾಕಿದಳು. ಒಂದು ಹುಳುವೂ ಮುಟ್ಟಲಿಲ್ಲ.

ಎಳೆಯ ಸೊಪ್ಪು ತಂದಳು. ಸಣ್ಣಗೆ ಹೆಚ್ಚಿದಳು. ನೀರು ಚಿಮುಕಿಸಿದಳು. ತಟ್ಟೆಯೆಲ್ಲ ಒದ್ದೆಯಾಗಿ, ಅಂಚಿನಲ್ಲಿದ್ದ ಕೆಲವು ಸತ್ತವು. ಅವಳು ಅಳುತ್ತ ಓರಗಿತ್ತಿಯನ್ನು ಕರೆದಳು.

"ಅಕ್ಕಾ, ರೋಗ ಬಂತು. ಎಲ್ಲಾ ಹೋಗ್ತವೆ."

"ರೋಗವೂ ಇಲ್ಲ, ಗೀಗವೂ ಇಲ್ಲ. ಪೊರೆ ಬಿಡೋಕೆ ಕೂತಿವೆ. ಈ ಮನೆಗೆ ಬಂದ ದಿನ ನೀನು ತುತ್ತು ಮುಟ್ಟಿದ್ಯಾ? ನಾವೇನು ಬಾಯಿಗೆ ತುರುಕಿದ್ವಾ?"

"ಹಾಗಾದ್ರೆ ರೋಗ ಬಂದದ್ದು ಹೇಗಿರುತ್ತೆ?"

"ಅದೂ ತಿನ್ನಲ್ಲ. ಸೊಪ್ಪು ನೋಡಬೇಡ ಕಣೇ, ಹುಳ ನೋಡು. ತಲೆ ಎತ್ತಿಕೊಂಡಿದೆಯಾ, ಜೋತು ಬಿದ್ದಿದೆಯಾ?"

ಹುಳುಗಳು ತಲೆ ಎತ್ತಿಯೇ ಕೂತಿದ್ದವು. ಓರಗಿತ್ತಿ ಒದ್ದೆ ಸೊಪ್ಪು ತೆಗೆದಳು, ತೇವ ಹೀರಲು ಸುಣ್ಣದ ಪುಡಿ ಉದುರಿಸಿದಳು, ಕಿಟಕಿ ತೆರೆದಳು. ತಟ್ಟೆ ಅಲುಗಿಸಬೇಡ ಎಂದು ಹೇಳಿ ಹೋದಳು. ಸೊಸೆ ಕೈಕಟ್ಟಿ ಕೂತಳು. ಸೊಪ್ಪು ಹೊರುವುದಕ್ಕಿಂತ ಅದೇ ಅವಳಿಗೆ ಕಷ್ಟವಾಯಿತು.

ಮರುದಿನ ಹುಳುಗಳು ಹಳೆಯ ಪೊರೆಯಿಂದ ಹೊರಬಂದವು. ಸೊಪ್ಪು ಹಾಕಿದಂತೆಲ್ಲ ಮುಗಿಯಿತು. ಸೊಸೆ ಮತ್ತೆ ಓಡಿದಳು.

"ಅಕ್ಕಾ, ಈಗ ವಿಪರೀತ ತಿಂತಿವೆ! ಇದ್ಯಾವ ರೋಗ?"

"ಇದಕ್ಕೆ ಹಸಿವು ಅಂತಾರೆ" ಎಂದು ಓರಗಿತ್ತಿ ನಕ್ಕಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಟಿಎಸ್‌ಎಚ್ ಏರಿದ್ದೂ..." ಎಂದಳು ಶಿಷ್ಯೆ.

"ಚೇತರಿಕೆಯೇ ಇರಬಹುದು. ಈಗ ಮಾತ್ರೆ ಬೇಡ. ಶ್ವಾಸಕೋಶದ ಚಿಕಿತ್ಸೆ ಮುಂದುವರಿಸು. ಕೆಲವು ವಾರ ಬಿಟ್ಟು ರಕ್ತವನ್ನು ಮತ್ತೆ ನೋಡೋಣ. ಗ್ರಂಥಿ ಕೆಟ್ಟಿದ್ದರೆ ಟಿಎಸ್‌ಎಚ್ ಆಗಲೂ ಏರಿಯೇ ಇರುತ್ತದೆ."

"ಆದರೆ ಅವರು ಏಳುತ್ತಿದ್ದಾರೆಂದು ಇಂದೇ ಹೇಗೆ ನಂಬಲಿ?" ಶಿಷ್ಯೆ ವರದಿಯಿಂದ ಕಣ್ಣು ತೆಗೆಯದೆ ಕೇಳಿದಳು.

ಗುರುಗಳು ಹೇಳಿದರು: "ಗಂಜಿಗೆ ಉಪ್ಪು ಸಾಲದೆಂದು ಪುಟ್ಟಲಿಂಗಮ್ಮನವರು ಈಗಷ್ಟೇ ದಾದಿಯನ್ನು ಬೈದರು."