ಬುರ್ಜಿಯ ಊಟ

“ಮಾಸ್ತರ್ರ, ಸೋಲೂ ಆಟ ಕಡೀತನಕ ಆಡಬೇಕ್ರೀ, ಇಲ್ಲಾ ನಡುವ ಕೈ ಎತ್ತಿ ಎದ್ದ ಬಿಡಬೇಕ್ರೀ?”

ಕೇಳಿದವನು ನಾನು. ಕೇಳಿದ್ದು ತೊರಗಲ್ಲ ಮಾಸ್ತರ್ರನ್ನು. ಸೈಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರು ನಮಗೆಲ್ಲ ಚದುರಂಗ ಕಲಿಸುತ್ತಿದ್ದರು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆಗ ಎರಡು ಚಾಪೆ, ನಾಲ್ಕು ಮಣೆ, ಒಂದು ಹೂಜಿ ನೀರು ಇದ್ದವು. ಕರಿ ಕಾಯಿಗಳಲ್ಲಿ ಒಂದು ಒಂಟೆ ಕಳೆದುಹೋಗಿ, ಅದರ ಮನೆಯಲ್ಲಿ ಕೆಮ್ಮಿನ ಔಷಧಿಯ ಮುಚ್ಚಳ ನಿಲ್ಲುತ್ತಿತ್ತು. ಒಂಟೆ ಎಲ್ಲಿಗೆ ಹೋಯಿತೆಂದು ನನ್ನನ್ನು ಕೇಳಬೇಡಿ. ಆ ಮುಚ್ಚಳ ಓರೆಯಾಗಿ ಓಡುವುದನ್ನು ನೋಡಲು ಮಾತ್ರ ಈಗಲೂ ಆಸೆಯಾಗುತ್ತದೆ.

ನನ್ನ ಸಂಕಟ ಫೋನಿನ ಚದುರಂಗದ್ದು. ಅದರಲ್ಲಿ ಸೋಲುವಾಗ ನನಗೆ ಎರಡು ದಾರಿಗಳಿದ್ದವು. ಗಡಿಯಾರ ಓಡಲಿ ಎಂದು ಬಿಟ್ಟು ಮಿರ್ಚಿ ತಿನ್ನಲು ಹೋಗುವುದು ಒಂದು. ಎದುರಿನವನು ಎಲ್ಲೋ ಕೂತು ನನ್ನ ನಡೆಗೆ ಕಾದು ಕಾದು ಹಪ್ಪಳದಂತೆ ಒಣಗಲಿ. ಬಾವುಟದ ಗುಂಡಿ ಒತ್ತಿ, ಸೋತೆ ಎಂದು ಹೇಳಿ, ಕಣ್ಣು ಮಿಟುಕಿಸುವುದರಲ್ಲಿ ಹೊಸ ಆಟ ಹೂಡುವುದು ಇನ್ನೊಂದು. ಆ ದಿನಗಳಲ್ಲಿ ಒಬ್ಬನೇ ಎದುರಾಳಿ ಸಂಜೆಯಾದರೆ ನನಗೆ ಗಂಟುಬೀಳುತ್ತಿದ್ದ. ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ಗೆಲುವು ಕೈಯಲ್ಲಿದ್ದರೂ ಅವನು ರಾಜನನ್ನು ಕಟ್ಟಿಹಾಕಿ ಮಾತ್ ಕೊಡುತ್ತಿರಲಿಲ್ಲ. ಕೋಳಿಯ ಪುಕ್ಕ ಕಿತ್ತ ಹಾಗೆ ನನ್ನ ಕಾಯಿಗಳನ್ನು ಒಂದೊಂದಾಗಿ ಕೀಳುತ್ತಿದ್ದ. ನಾನು ಬಾವುಟ ಒತ್ತಿ ಓಡುತ್ತಿದ್ದೆ.

“ಇವತ್ತ ಆ ಆಟಾನ ಫೋನಿನಿಂದ ಕಿತ್ತ ಒಗೀತೀನ್ರಿ,” ಎಂದೆ.

ಪಕ್ಕದ ಮಣೆಯಲ್ಲಿ ರುಬೀನಾ ಆಡುತ್ತಿದ್ದಳು. ಅವಳು ತಲೆ ಎತ್ತದೆಯೇ ಹೇಳಿದಳು: “ಹತ್ತನೇತ್ತಾ ಸಾಲಿ ನಡುವ ಬಿಟ್ಟು ಓಡಿ ಬಂದಾಂವಗ ಆಟ ಬಿಡೂದೇನ್ ದೊಡ್ಡದೋ ಯಮನೂರಿ?”

“ನಾ ಎಲ್ಲಿ ಓಡಿ ಬಂದೇನಿ? ಸಾಲೀನ ನನ್ನ ಕೈಯಾಗ ಸೋತು ಬಾವುಟ ಎತ್ತೇತಿ.”

ಎಲ್ಲರೂ ನಕ್ಕರು. ಮಾಸ್ತರ್ರು ನಗಲಿಲ್ಲ. ಹೂಜಿಯ ನೀರು ಬಗ್ಗಿಸಿಕೊಂಡು ಕುಡಿದರು. ಕತೆ ಹೇಳುವಾಗ ಮಾತ್ರ ಅವರ ಮಾತು ಪುಸ್ತಕದ ಮಾತಾಗುತ್ತಿತ್ತು. ಬೈಯುವಾಗ ಹಾಗಾಗುತ್ತಿರಲಿಲ್ಲ. ಆದ್ದರಿಂದ ಇದು ಬೈಗುಳವಲ್ಲ, ಕತೆ ಎಂದು ನನಗೆ ಕೂಡಲೇ ತಿಳಿಯಿತು.

ಅವರು ಹೇಳಿದ್ದು ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನೂ ಒಬ್ಬ ವ್ಯಾಪಾರಿಯೂ ಇದ್ದರು. ವ್ಯಾಪಾರಿ ನೂಲು ಮಾರುತ್ತಿದ್ದ. ನೇಕಾರ ಅದೇ ನೂಲಿನಲ್ಲಿ ಸೀರೆ ನೇಯುತ್ತಿದ್ದ. ಕೆರೆಯ ದಂಡೆಯ ಮೇಲೆ ಒಂದು ಮಂಟಪವಿತ್ತು. ಅದರ ಹಾಸುಗಲ್ಲಿನಲ್ಲಿ ಯಾರೋ ಹಿಂದಿನವರು ಚದುರಂಗದ ಮನೆಗಳನ್ನು ಕೊರೆದಿದ್ದರು. ಸಂಜೆ ಮಗ್ಗ ನಿಂತ ಮೇಲೆ ಇಬ್ಬರೂ ಅಲ್ಲಿ ಕೂತು ಆಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದರು.

ಆ ಊರಿನ ಆಟಕ್ಕೆ ಒಂದು ಕಟ್ಟಳೆ ಇತ್ತು. ಎದುರಾಳಿಯ ಬಳಿ ರಾಜನ ಜೊತೆಗೆ ಒಂದು ಕಾಯಿಯಾದರೂ ಇರುವಾಗಲೇ ಮಾತ್ ಕೊಟ್ಟು ಗೆಲ್ಲಬೇಕು. ಎಲ್ಲ ಕಾಯಿ ಹೋಗಿ ರಾಜನೊಬ್ಬನೇ ಉಳಿದರೆ ಆಟ ಅಲ್ಲಿಗೇ ಮುಗಿಯಿತು. ಅದಕ್ಕೆ ಬುರ್ಜಿ ಎನ್ನುತ್ತಿದ್ದರು. ಬುರ್ಜಿಯಾದರೆ ಗೆದ್ದವನೂ ಇಲ್ಲ, ಸೋತವನೂ ಇಲ್ಲ.

ಇನ್ನೊಂದು ಮಾತೂ ಇತ್ತು. ಬುರ್ಜಿ ಮಾಡಿದವನು ಎದುರಾಳಿಯನ್ನು ಅಂದೇ ತನ್ನ ಮನೆಗೆ ಕರೆದೊಯ್ದು ಊಟ ಹಾಕಬೇಕು. ಇದ್ದುದನ್ನೆಲ್ಲ ಕಿತ್ತುಕೊಂಡು ಒಬ್ಬ ಮನುಷ್ಯನನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಹಿರಿಯರು ಹಾಗೆ ಇಟ್ಟಿದ್ದರು. ಕರೆಸಿಕೊಂಡವನು ಒಲ್ಲೆ ಎನ್ನುವ ಹಾಗಿರಲಿಲ್ಲ. ಎಂಥ ಸಿರಿವಂತನಾದರೂ ಎದ್ದು ಹಿಂದೆ ನಡೆಯಲೇಬೇಕು.

ಇಲ್ಲಿ ನಾನು ಬಾಯಿ ಹಾಕಿದೆ. “ನಾನಾಗಿದ್ರ ದಿನಾ ಬುರ್ಜಿ ಆಗತಿದ್ನಿ ಬಿಡ್ರಿ ಮಾಸ್ತರ್ರ. ಒಲಿ ಹಚ್ಚೂ ತ್ರಾಸ ಇಲ್ಲ.”

“ನೀ ಆಗತಿದ್ದಿ. ವ್ಯಾಪಾರಿ ಆಗಲಿಲ್ಲ,” ಎಂದರು ಮಾಸ್ತರ್ರು. ಮತ್ತೆ ಪುಸ್ತಕದ ಮಾತಿಗೆ ಹೊರಳಿದರು.

ಆಟ ಬಲ್ಲವರು ಬುರ್ಜಿ ಮಾಡುತ್ತಿರಲಿಲ್ಲ. ಗೆಲುವು ಹತ್ತಿರ ಬಂದಾಗ ಎದುರಾಳಿಯ ಒಂದು ಕಾಯಿಯನ್ನು ಜೋಪಾನವಾಗಿ ಉಳಿಸಿ ಆಡುವುದೇ ಆಟಗಾರನ ಕೈಚಳಕ. ಮರೆತು ಕೊನೆಯ ಕಾಯಿಯನ್ನೂ ಹೊಡೆದುಬಿಟ್ಟವನನ್ನು ನೋಡಿ ಊರು ನಗುತ್ತಿತ್ತು. ಗೆಲ್ಲಲು ಬಾರದೆ ಊಟ ಹಾಕಿದ ಎನ್ನುತ್ತಿತ್ತು. ನೇಕಾರ ಆ ಊರಿನ ಒಳ್ಳೆಯ ಆಟಗಾರ. ಅವನು ಒಮ್ಮೆಯೂ ಬುರ್ಜಿ ಮಾಡಿದವನಲ್ಲ. ವ್ಯಾಪಾರಿ ಅವನಿಗಿಂತ ಒಂದು ಕೂದಲೆಳೆ ಕಡಿಮೆ.

ಒಂದು ವರ್ಷ ವ್ಯಾಪಾರಿಯ ನೂಲಿನ ಬಂಡಿಗಳು ಹೊಳೆ ದಾಟುತ್ತಿದ್ದಾಗ ಮೇಲಿನಿಂದ ನೀರು ಬಂತು. ಎತ್ತು ಉಳಿದವು. ಬಂಡಿಯೂ ನೂಲೂ ಹೋದವು. ಎತ್ತನ್ನು ಮಾರಿ ವ್ಯಾಪಾರಿ ಕೆಲವು ತಿಂಗಳು ಅಂಗಡಿಯ ಬಾಗಿಲು ತೆರೆದ. ಆಮೇಲೆ ತೆರೆದ ಬಾಗಿಲ ಹಿಂದೆ ಏನೂ ಉಳಿಯಲಿಲ್ಲ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ಮಡಿ ಮಾಡಿದ ಧೋತರ ಉಟ್ಟು, ಎಲೆ ಜಗಿದು ಬಾಯಿ ಕೆಂಪು ಮಾಡಿಕೊಂಡು, ಈಗಷ್ಟೇ ಉಂಡೆದ್ದವನಂತೆ ಸಂಜೆ ಮಂಟಪಕ್ಕೆ ಬರುತ್ತಿದ್ದ.

ಒಂದು ಸಂಜೆ ಆನೆಯನ್ನು ಎತ್ತುವಾಗ ಅವನ ಕೈ ನಡುಗಿತು. ನೇಕಾರ ನೋಡಿದ.

“ಇವತ್ತು ನಮ್ಮ ಮನೆಗೆ ಊಟಕ್ಕೆ ಬಾ,” ಎಂದ.

“ನನ್ನ ಮನೆಯ ಒಲೆ ಇನ್ನೂ ಆರಿಲ್ಲ,” ಎಂದ ವ್ಯಾಪಾರಿ.

ನೇಕಾರ ಮತ್ತೆ ಕರೆಯಲಿಲ್ಲ.

ಮರುದಿನದಿಂದ ನೇಕಾರನ ಆಟ ಬದಲಾಯಿತು. ಎರಡು ನಡೆಯಲ್ಲಿ ಮಾತ್ ಕೊಡಬಹುದಾದ ಕಡೆ ಅವನು ಕೊಡಲಿಲ್ಲ. ಅದನ್ನು ಬಿಟ್ಟು ಮೂಲೆಯಲ್ಲಿದ್ದ ಒಂದು ಕಾಲಾಳನ್ನು ಹೊಡೆದ. ಆಮೇಲೆ ಒಂಟೆಯನ್ನು ಹೊಡೆದ. ಕುದುರೆಯನ್ನು ಅಟ್ಟಿಸಿಕೊಂಡು ಹೋಗಿ ಹೊಡೆದ. ವ್ಯಾಪಾರಿಯ ಮುಖ ಸಣ್ಣದಾಯಿತು. ನಾನು ಬರಿಗೈಯಾದದ್ದು ಇವನಿಗೆ ತಿಳಿದಿದೆ, ಅದಕ್ಕೇ ಇಲ್ಲಿಯೂ ಸುಲಿಯುತ್ತಾನೆ ಎಂದುಕೊಂಡ. ರಾಜನನ್ನು ತಾನೇ ಅಡ್ಡ ಮಲಗಿಸಿದ. ಆಟದಲ್ಲಿ ಅದರ ಅರ್ಥ, ಸೋತೆ ಎಂದು.

“ಇನ್ನೂ ಆಟ ಇದೆ. ಕೂತುಕೋ,” ಎಂದ ನೇಕಾರ.

“ಧಾರಣೆ ಬೀಳುವಾಗ ಮೊದಲು ಎದ್ದವನೇ ಜಾಣ. ನನಗೆ ವ್ಯಾಪಾರ ಗೊತ್ತು,” ಎಂದು ವ್ಯಾಪಾರಿ ಎದ್ದುಹೋದ. ಮನೆಯಲ್ಲಿ ಒಂದು ತಂಬಿಗೆ ನೀರು ಕುಡಿದು ಮಲಗಿದ.

ಆಮೇಲೆ ದಿನವೂ ಹೀಗೆಯೇ ಆಯಿತು. ನೇಕಾರ ಒಂದೊಂದೇ ಕಾಯಿ ಹೊಡೆಯುವನು. ವ್ಯಾಪಾರಿ ರಾಜನನ್ನು ಮಲಗಿಸಿ ಏಳುವನು. ಇನ್ನೂ ಆಟ ಇದೆ ಎಂದು ನೇಕಾರ ಹೇಳುವನು. ವ್ಯಾಪಾರಿ ತಿರುಗಿ ನೋಡದೆ ನಡೆಯುವನು. ನೇಕಾರನಿಗೆ ಕೈ ಕೆಟ್ಟಿದೆ, ಎರಡು ನಡೆಯ ಮಾತ್ ಕಾಣುವುದಿಲ್ಲ ಎಂದು ನೋಡುವವರು ನಕ್ಕರು.

ಕೊನೆಗೆ ಒಂದು ಸಂಜೆ ವ್ಯಾಪಾರಿಯ ಬಳಿ ರಾಜನೂ ಒಂದು ಆನೆಯೂ ಉಳಿದವು. ಆನೆಗೆ ಹೋಗಲು ಮನೆ ಇರಲಿಲ್ಲ. ನೇಕಾರನ ಕುದುರೆ ಅದರ ಮೇಲೆ ಕಣ್ಣಿಟ್ಟು ನಿಂತಿತ್ತು. ವ್ಯಾಪಾರಿ ರಾಜನ ಮೇಲೆ ಕೈ ಇಟ್ಟ. ನೇಕಾರ ಆ ಕೈಯನ್ನು ಹಿಡಿದುಕೊಂಡ. ಅಷ್ಟು ವರ್ಷದ ಆಟದಲ್ಲಿ ಅವನು ಹಾಗೆ ಹಿಡಿದದ್ದು ಅದೇ ಮೊದಲು.

“ಇದೊಂದು ನಡೆ. ಇದೊಂದು ನಡೆ ಮುಗಿಯುವ ತನಕ ಕೂತುಕೋ.”

ವ್ಯಾಪಾರಿ ಕೈ ಬಿಡಿಸಿಕೊಂಡ. ರಾಜನನ್ನು ಮಲಗಿಸಿ ಎದ್ದ. ಬೆಳಗಾಗುವಷ್ಟರಲ್ಲಿ ಅಂಗಡಿಗೆ ಬೀಗ ಹಾಕಿ ಊರನ್ನೇ ಬಿಟ್ಟ.

ದೂರದ ಒಂದು ಊರಿನಲ್ಲಿ ಕೂಲಿ ಮಾಡಿದ. ಗುಮಾಸ್ತನಾದ. ಮೆಲ್ಲಗೆ ಒಂದು ಅಂಗಡಿ ಇಟ್ಟ. ಹೊಟ್ಟೆ ತುಂಬಿತು. ಅಲ್ಲಿಯೂ ಚದುರಂಗ ಆಡುವವರಿದ್ದರು. ಅವರು ಬೇಗ ಗೆಲ್ಲುತ್ತಿದ್ದರು, ಬೇಗ ಏಳುತ್ತಿದ್ದರು. ಇನ್ನೂ ಆಟ ಇದೆ, ಕೂತುಕೋ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಸಂಜೆಯಾದರೆ ವ್ಯಾಪಾರಿಯ ಕಾಲು ತಾನಾಗಿಯೇ ಎತ್ತಲೋ ಹೊರಡುತ್ತಿತ್ತು. ಅಲ್ಲಿ ಕೆರೆ ಇರಲಿಲ್ಲ. ಅಂಗಡಿಯ ಮೆಟ್ಟಿಲಿಗೇ ಹಿಂದಿರುಗುತ್ತಿತ್ತು.

ತಲೆ ಬೆಳ್ಳಗಾದ ಮೇಲೆ ಅವನು ಹಳೆಯ ಊರಿಗೆ ಬಂದ. ಮೊದಲು ಹೋದದ್ದು ಮಂಟಪಕ್ಕೆ. ಆಡುಗಳು ಮಲಗಿದ್ದವು. ಅವುಗಳನ್ನು ಎಬ್ಬಿಸಿ, ಹಾಸುಗಲ್ಲನ್ನು ಹೆಗಲ ವಸ್ತ್ರದಿಂದ ಒರೆಸಿದ. ಮನೆಗಳು ಹಾಗೇ ಇದ್ದವು. ತನ್ನ ಕಡೆಯಲ್ಲಿ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ನೇಕಾರನ ಮನೆಗೆ ನಡೆದ.

ನೇಕಾರ ತೀರಿಕೊಂಡಿದ್ದ. ಅವನ ಹೆಂಡತಿ ಇದ್ದಳು. ಅವಳು ವ್ಯಾಪಾರಿಯನ್ನು ಗುರುತು ಹಿಡಿದಳು. ಏಕೆ ಬಂದಿರಿ ಎನ್ನಲಿಲ್ಲ. ಕಾಲಿಗೆ ನೀರು ಕೊಟ್ಟಳು, ಮಣೆ ಹಾಕಿದಳು. ರೊಟ್ಟಿಯನ್ನೂ ಕಾಳಿನ ಪಲ್ಯವನ್ನೂ ಬಡಿಸಿದಳು. ವ್ಯಾಪಾರಿ ರೊಟ್ಟಿ ಮುರಿದ.

“ಅಂತೂ ಬಂದಿರಿ,” ಎಂದಳು ಅವಳು. “ಇವತ್ತು ಬುರ್ಜಿ ಖಂಡಿತ, ಎರಡು ರೊಟ್ಟಿ ಹೆಚ್ಚು ತಟ್ಟು ಎಂದು ಅವರು ದಿನವೂ ಹೇಳಿ ಹೋಗುತ್ತಿದ್ದರು. ದಿನವೂ ಒಬ್ಬರೇ ಬರುತ್ತಿದ್ದರು. ಒಂದು ಬುರ್ಜಿ ಮಾಡಲೂ ಬಾರದ ಆಟ ಎಂಥದು ಎಂದು ನಾನು ಗೇಲಿ ಮಾಡುತ್ತಿದ್ದೆ. ಕೊನೆಯ ದಿನ ಮಾತ್ರ ಅವರು ಬಂದವರು ಊಟ ಮುಟ್ಟಲಿಲ್ಲ. ನಿಮ್ಮ ಪಾಲಿನ ರೊಟ್ಟಿಯ ಮುಂದೆ ಕೂತಿದ್ದರು.”

ಮುರಿದ ರೊಟ್ಟಿ ವ್ಯಾಪಾರಿಯ ಕೈಯಲ್ಲೇ ಉಳಿಯಿತು.

ಮಾಸ್ತರ್ರು ಕತೆ ನಿಲ್ಲಿಸಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ರುಬೀನಾ ತನ್ನ ನಡೆಯನ್ನು ಮರೆತು, ಔಷಧಿಯ ಮುಚ್ಚಳವನ್ನು ಬೆರಳಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಆ ಮುರಿದ ರೊಟ್ಟಿ ನನ್ನ ಕೈಯಲ್ಲೇ ಇದ್ದ ಹಾಗಾಗಿತ್ತು. ಅದನ್ನು ತೋರಿಸಿದರೆ ನನ್ನ ಮರ್ಯಾದೆ ಏನಾಗಬೇಕು? ಹಾಗಾಗಿ ವಾದಕ್ಕೆ ಇಳಿದೆ.

“ಅದೇನೋ ಖರೇರಿ ಮಾಸ್ತರ್ರ. ಆದ್ರ ಅಲ್ಲಿ ಮಂಟಪ ಇತ್ತು, ಮನಿ ಇತ್ತು, ರೊಟ್ಟಿ ತಟ್ಟಾಕ ಒಬ್ಬಾಕಿ ಇದ್ಲು. ಫೋನಿನಾಗ ಏನೈತ್ರಿ? ಎದುರಿಗೆ ಕುಂತಾಂವನ ಮಾರಿ ಸೈತ ಕಾಣಂಗಿಲ್ಲ. ಅಂವಾ ನನಗ ಊಟಾ ಹಾಕಾಂವೋ, ಗಾಯಕ್ಕ ಉಪ್ಪು ಹಚ್ಚಾಂವೋ, ನನಗ ಹೆಂಗ ಗೊತ್ತಾಗಬೇಕ್ರೀ?”

ಮಾಸ್ತರ್ರು ಹೂಜಿಯ ಮೇಲೆ ಲೋಟ ಬೋರಲು ಹಾಕಿ ಹೇಳಿದರು:

“ದಿನಾ ಮಾರಿ ನೋಡಿದ ವ್ಯಾಪಾರಿಗರೆ ಎಲ್ಲಿ ಗೊತ್ತಾತೋ, ಯಮನೂರಿ?”